ಜೆಥ್ರೊ ಟಲ್ ಕ್ರಿಸ್‌ಮಸ್ ಆಲ್ಬಮ್: ಅಣ್ಣನಿಗೆ ಕೊಡಬಹುದಾ?

ಪೆನ್ಸಿಲ್_ಟೇಪು
ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ಡಿಸೆಂಬರ್ 24ಕ್ಕೆ ನಮ್ಮಣ್ಣನಿಗೆ ಐವತ್ತು ತುಂಬುತ್ತದೆ. ಅವನಿಗೆ ರಾಕ್ ಅಂದರೆ ಮೊದಲು ಬ್ರಿಟನ್ನಿನ ಜೆಥ್ರೊ ಟಲ್ ಬ್ಯಾಂಡು, ಉಳಿದವರೆಲ್ಲ ಆಮೇಲೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವನ ಕ್ಯಾಸೆಟ್ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಟೇಪು ಸುತ್ತಿಕೊಡುವ ಕೆಲಸ ನನ್ನದೇ. ಹಾಗಾಗಿ ಆ ಹಾಡುಗಳು ನನಗೂ ಬಾಯಿಪಾಠ.

2003ರಲ್ಲಿ ಟಲ್ ಒಂದು ಕ್ರಿಸ್‌ಮಸ್ ಆಲ್ಬಮ್ ಮಾಡಿದರು. 2024ರ ಡಿಸೆಂಬರಿನಲ್ಲಿ ಅದೇ ಆಲ್ಬಮ್ ಹೊಸ ಮಿಕ್ಸ್ ಜೊತೆ ದೊಡ್ಡ ಪೆಟ್ಟಿಗೆಯಾಗಿ ಮತ್ತೆ ಬಂತು. ಅದನ್ನು ಕೊಡೋಣ ಅಂತ ನನಗೆ ಆಸೆ. ತೊಂದರೆ ಏನಂದರೆ ಅಣ್ಣ ಆ ಆಲ್ಬಮ್ ಇವತ್ತಿನವರೆಗೂ ಕೇಳಿಲ್ಲ. ಕೇಳುವುದೇ ಇಲ್ಲ ಅನ್ನುತ್ತಾನೆ. "ರಾಕ್ ಬ್ಯಾಂಡ್ ಹಬ್ಬದ ಆಲ್ಬಮ್ ಮಾಡಿದ ದಿನವೇ ಅದರ ಕಥೆ ಮುಗೀತು" ಅನ್ನುವುದು ಅವನ ವಾದ. ನಮ್ಮದು ಕ್ರೈಸ್ತ ಕುಟುಂಬ, ಮನೆಯಲ್ಲಿ ಕ್ಯಾರಲ್ (ಕ್ರಿಸ್‌ಮಸ್ ಗೀತೆ) ಬೇಕಾದಷ್ಟು ಇದೆ, ಟಲ್ ಕೈಯಲ್ಲೂ ಅದನ್ನೇ ಯಾಕೆ ಕೇಳಬೇಕು ಅಂತ.

ಕೊಡಲಾ, ಬಿಡಲಾ? ಕೇಳಿದವರು ಹೇಳಿ.

ಬೇಸ್_ಗಿಟಾರ್_ಬಸವ
ನಿಮ್ಮಣ್ಣ ಹೇಳಿದ್ದೇ ಸರಿ. ದುಡ್ಡು ಉಳಿಸಿ.

ಹಳೇ_ರೆಕಾರ್ಡು
ಬಸವ, ಒಂದು ಸಾಲಿನಲ್ಲಿ ತೀರ್ಪು ಕೊಡಬೇಡಪ್ಪ. ಆಲ್ಬಮ್ ಕೇಳಿದ್ದೀಯಾ?

ಬೇಸ್_ಗಿಟಾರ್_ಬಸವ
ನಾಲ್ಕು ಹಾಡು ಕೇಳಿದ್ದೀನಿ ಸರ್. ಅದರಲ್ಲಿ ಮೂರು ಹಳೇವು, ಮತ್ತೆ ನುಡಿಸಿದ್ದು. ಮಾಡಿದ್ದನ್ನೇ ಮತ್ತೆ ಮಾಡಿ ಮೇಲೊಂದು ಹಿಮದ ಚಿತ್ರ ಅಂಟಿಸಿದರೆ ಆಲ್ಬಮ್ ಆಗುತ್ತಾ? ಇವರೊಬ್ಬರೇ ಅಲ್ಲ. ಚಿಕಾಗೊ ಬ್ಯಾಂಡಿನವರು 1998, 2011, 2019 ಅಂತ ಮೂರು ಸಲ ಕ್ರಿಸ್‌ಮಸ್ ಆಲ್ಬಮ್ ಮಾಡಿದರು. ಲಿನರ್ಡ್ ಸ್ಕಿನರ್ಡ್ 2000ದಲ್ಲಿ, ಆರ್‌ಇಒ ಸ್ಪೀಡ್‌ವ್ಯಾಗನ್ 2009ರಲ್ಲಿ, ಚೀಪ್ ಟ್ರಿಕ್ 2017ರಲ್ಲಿ. ಹೊಸ ಹಾಡು ಹುಟ್ಟದಿದ್ದಾಗ ಎಲ್ಲರೂ ಇದೇ ದಾರಿ ಹಿಡಿಯುತ್ತಾರೆ. ಪ್ರತಿ ಡಿಸೆಂಬರಿಗೂ ಒಂದಷ್ಟು ಮಾರಾಟ ಆಗುತ್ತದಲ್ಲ.

ಹಳೇ_ರೆಕಾರ್ಡು
ಬೇರೆಯವರ ಬಗ್ಗೆ ಜಗಳ ಆಡಲ್ಲ. ಟಲ್ ವಿಷಯ ಬೇರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಇವರು 1967ರಲ್ಲಿ ಶುರುವಾದವರು. 1968ರಲ್ಲೇ, ಅಂದರೆ ಬ್ಯಾಂಡಿಗೆ ಇನ್ನೂ ಹಾಲುಹಲ್ಲು ಇದ್ದಾಗಲೇ, ಒಂದು ಸಿಂಗಲ್ಲಿನ (ಬದಿಗೊಂದು ಹಾಡಿರುವ ಸಣ್ಣ ರೆಕಾರ್ಡ್) ಹಿಂಬದಿಗೆ ಕ್ರಿಸ್‌ಮಸ್ ಹಾಡು ಹಾಕಿದ್ದರು. ಅದು ಮೆರ್ರಿ ಕ್ರಿಸ್‌ಮಸ್ ಅಂತ ಗಂಟೆ ಬಾರಿಸುವ ಹಾಡಲ್ಲ. ಹೊಟ್ಟೆ ಬಿರಿಯ ತಿಂದು ಕುಡಿದು, ಹಬ್ಬ ಯಾಕೆ ಅನ್ನುವುದನ್ನೇ ಮರೆತವರಿಗೆ ನೇರ ಬೈಗುಳ. ಕಡೆಗೆ ಹಾಡುತ್ತಿರುವವನೇ ಬಾಟಲಿ ಕೇಳುತ್ತಾನೆ. 21 ವರ್ಷದ ಹುಡುಗ ಬರೆದದ್ದು ಅದು.

ಆಮೇಲೆ 1976ರಲ್ಲಿ 'ರಿಂಗ್ ಔಟ್, ಸೋಲ್‌ಸ್ಟಿಸ್ ಬೆಲ್ಸ್'. ಸೋಲ್‌ಸ್ಟಿಸ್ ಅಂದರೆ ಇಲ್ಲಿ ಚಳಿಗಾಲದಲ್ಲಿ ಸೂರ್ಯ ಉತ್ತರಕ್ಕೆ ತಿರುಗುವ ದಿನ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 28ನೇ ಸ್ಥಾನದವರೆಗೆ ಹೋಯಿತು. 80ರ ದಶಕದ ಮೊದಲಿಗೆ, ಹಬ್ಬದ ದಿನ ಹೊರಗೆ ಚಳಿಯಲ್ಲಿ ನಿಂತವರನ್ನು ನೆನಪಿಸುವ ಇನ್ನೊಂದು ಹಾಡು. 1989ರಲ್ಲಿ ಮತ್ತೊಂದು. ಹೀಗೆ 35 ವರ್ಷ ಅಲ್ಲೊಂದು ಇಲ್ಲೊಂದು ಚಳಿಗಾಲದ ಹಾಡು ಬರೆಯುತ್ತಲೇ ಬಂದಿದ್ದಾರೆ. 2003ರಲ್ಲಿ ಅವನ್ನೆಲ್ಲ ಒಟ್ಟಿಗೆ ಕೂರಿಸಿ ಹೊಸದಾಗಿ ನುಡಿಸಿದರು, ಜೊತೆಗೆ ಹೊಸ ಹಾಡುಗಳನ್ನೂ ಸೇರಿಸಿದರು. ಒಟ್ಟು 16. ಸರಕು ಇಲ್ಲದೆ ಮಾಡಿದ ಆಲ್ಬಮ್ ಅಲ್ಲ ಇದು. ಸರಕು ಕೂಡಿಬಂದು ಆದ ಆಲ್ಬಮ್.

ಕುಡ್ಲದ_ಅಕ್ಕ
1989ರದು ಅಂದಿರಲ್ಲ, ಅದರಲ್ಲಿ ಒಬ್ಬ ಮುದುಕ ದೇಶ ದೇಶ ಚದುರಿ ಹೋದ ಮಕ್ಕಳನ್ನು ಮನೆಗೆ ಕರೆಯುತ್ತಾನೆ. ಅದನ್ನು ನಾನು ಪ್ರತಿ ವರ್ಷ ಕೇಳುವುದು ಮಾರಾಯ್ರೆ. ನನ್ನ ಇಬ್ಬರು ತಮ್ಮಂದಿರು ಗಲ್ಫಿನಲ್ಲಿ, ತಂಗಿ ಕೆನಡಾದಲ್ಲಿ. ಡಿಸೆಂಬರ್ ಎರಡನೇ ವಾರ ಅಡುಗೆಮನೆಯಲ್ಲಿ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ಕೆಲಸ ಶುರುವಾಗುತ್ತದೆ. ಒಂದು ಕಡೆ ಕಿಡಿಯೊ ಸುತ್ತಬೇಕು, ಇನ್ನೊಂದು ಕಡೆ ನೆವ್ರಿ ಕರಿಯಬೇಕು. ಕಿಡಿಯೊಗೆ ಫೋರ್ಕಿನ ಹಿಂಭಾಗದಲ್ಲಿ ಹಿಟ್ಟು ಒತ್ತಿ ಸುರುಳಿ ಮಾಡುವುದಕ್ಕೆ ಮೊದಲು ಐದು ಜನ ಕೂರುತ್ತಿದ್ದೆವು. ಈಗ ಅಪ್ಪ, ನಾನು. ಫೋನಿನಲ್ಲಿ ಆ ಹಾಡು. ಅಪ್ಪನಿಗೆ ಇಂಗ್ಲಿಷ್ ಹಾಡು ಅರ್ಥ ಆಗುವುದು ಕಡಿಮೆ. ಆದರೂ ಅದು ಬಂದಾಗ "ಇದು ಇರಲಿ" ಅಂತಾರೆ.

ಕೊಡಿ ನೀವು. ಖಂಡಿತ ಕೊಡಿ.

ಪೆನ್ಸಿಲ್_ಟೇಪು
ಅಕ್ಕ, ಇದನ್ನು ಓದಿ ಕಣ್ಣು ತುಂಬಿತು.

ರಾತ್ರಿಪಾಳಿ
ಒಂದು ಪ್ರಶ್ನೆ. ಈ ಜೆಥ್ರೊ ಟಲ್ ಅನ್ನುವವರು ಈಗಲೂ ಹಾಡುತ್ತಾರಾ? ಕೊಳಲು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವವರು ಅವರೇ ತಾನೆ?

ಹಳೇ_ರೆಕಾರ್ಡು
ಒಂಟಿ ಕಾಲಲ್ಲಿ ನಿಲ್ಲುವವರು ಇಯಾನ್ ಆಂಡರ್ಸನ್. ಜೆಥ್ರೊ ಟಲ್ ಬ್ಯಾಂಡಿನ ಹೆಸರು. ಮೊದಮೊದಲು ಇವರ ಆಟ ಯಾರಿಗೂ ಹಿಡಿಸುತ್ತಿರಲಿಲ್ಲ. ಒಂದು ಕ್ಲಬ್ಬಿಗೆ ಎರಡನೇ ಸಲ ಹೋಗಬೇಕಾದರೆ ಬೇರೆ ಹೆಸರಲ್ಲೇ ಹೋಗಬೇಕಿತ್ತು. ಹಾಗೆ ಇವರ ಕಛೇರಿ ಗೊತ್ತುಮಾಡುವ ಏಜೆನ್ಸಿಯಲ್ಲಿದ್ದ ಇತಿಹಾಸದ ಹುಚ್ಚಿನವರೊಬ್ಬರು ಕೊಟ್ಟ ಹೆಸರು ಇದು. ಈ ಹೆಸರಿನಲ್ಲಿದ್ದಾಗ ಮತ್ತೆ ಕರೆ ಬಂತು, ಹೆಸರು ಉಳಿಯಿತು. ಅಸಲಿ ಜೆಥ್ರೊ ಟಲ್ 1674ರಲ್ಲಿ ಹುಟ್ಟಿ 1741ರಲ್ಲಿ ತೀರಿಕೊಂಡ ಇಂಗ್ಲೆಂಡಿನ ರೈತ. ಬೀಜ ಸಾಲಾಗಿ ಬಿತ್ತುವ ಯಂತ್ರ ಮಾಡಿದವನು.

ಅಕ್ಕಡಿ_ಸಾಲು
ಅಂದರೆ ಕೂರಿಗೆ!

ಹಳೇ_ರೆಕಾರ್ಡು
ಹೌದು ನೋಡಿ, ನಮ್ಮ ಕಡೆ ಅದೇ.

ಅಕ್ಕಡಿ_ಸಾಲು
ಕ್ಷಮಿಸಿ, ಸಂಗೀತದ ನಡುವೆ ಹೊಲ ತರುತ್ತಿದ್ದೇನೆ. ಆದರೆ ಇಲ್ಲಿ ಹೇಳಲೇಬೇಕು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಅನ್ನುವ ಬ್ರಿಟಿಷ್ ವೈದ್ಯ ಮೈಸೂರು ಸೀಮೆಯಲ್ಲಿ ಓಡಾಡಿ ಬರೆದ ದಿನಚರಿಯಲ್ಲಿ ನಮ್ಮ ಕೂರಿಗೆಯ ವಿವರ ಇದೆ, ಹೆಸರು ಸಮೇತ. ರಾಗಿ, ಅವರೆ ಬಿತ್ತುವ ರೀತಿ ಎಲ್ಲ ಬರೆದಿದ್ದಾನೆ. ನಮ್ಮಲ್ಲಿ ಅದು ಹೊಸ ಯಂತ್ರವಲ್ಲ, ಮನೆಮನೆಯ ಸಾಮಾನು.

ನಮ್ಮ ತಾತನ ಕೂರಿಗೆ ಈಗಲೂ ಕೊಟ್ಟಿಗೆಯ ಅಟ್ಟದಲ್ಲಿದೆ. ಮೇಲೆ ಮರದ ಬಟ್ಟಲು, ಅದರ ತಳದಲ್ಲಿ ತೂತು, ಒಂದೊಂದು ತೂತಿಗೂ ಒಂದೊಂದು ಬಿದಿರಿನ ಕೊಳವೆ. ಎತ್ತು ಮುಂದೆ ಹೋಗುತ್ತಿದ್ದರೆ ಅಜ್ಜಿ ಹಿಂದೆ ನಡೆಯುತ್ತಾ ಮುಷ್ಟಿಯಿಂದ ಬೀಜ ಬಿಡುವುದು. ಬೆರಳು ಸ್ವಲ್ಪ ಸಡಿಲವಾದರೆ ಒಂದು ಕಡೆ ದಟ್ಟ, ಒಂದು ಕಡೆ ತೆಳು. ಪೈರು ಬಂದಮೇಲೆ ಊರಿಗೆಲ್ಲ ಗೊತ್ತಾಗುತ್ತಿತ್ತು ಯಾರ ಕೈ ಅಂತ. ಸಾಲು ನೆಟ್ಟಗಿದ್ದರೆ ತಾನೆ ನಡುವೆ ಎಡೆಕುಂಟೆ ಹೊಡೆಯಲಿಕ್ಕೆ ಆಗುವುದು? ಆ ಟಲ್ ಕೂಡ ಕುದುರೆ ಕಟ್ಟಿ ಕಳೆ ತೆಗೆಯುವುದರ ಬಗ್ಗೆಯೇ 1731ರಲ್ಲಿ ಪುಸ್ತಕ ಬರೆದದ್ದು. ಇಬ್ಬರದೂ ಒಂದೇ ಲೆಕ್ಕ.

ರಾತ್ರಿಪಾಳಿ
ಕೂರಿಗೆ ಫೋಟೋ ಹಾಕಿ ಅಣ್ಣ, ನಾನು ನೋಡೇ ಇಲ್ಲ.

ಅಕ್ಕಡಿ_ಸಾಲು
ಊರಿಗೆ ಹೋದಾಗ ತೆಗೆದು ಹಾಕುತ್ತೇನೆ.

ಕೊಳಲಿನ_ಉಸಿರು
ನಾನು ಕರ್ನಾಟಕ ಸಂಗೀತದಲ್ಲಿ ಕೊಳಲು ಕಲಿಯುತ್ತಿರುವವಳು. ಆಂಡರ್ಸನ್ ನುಡಿಸುವುದು ಕೇಳಿದರೆ ನನಗೆ ಹಿಂಸೆ ಆಗುತ್ತದೆ. ಊದುತ್ತಾ ಗುನುಗುವುದು, ಉಸಿರು ಚೆಲ್ಲುವುದು, ಉಗುಳಿದ ಹಾಗೆ ಸ್ವರ. ಕೊಳಲಿನ ಸೊಗಸೇ ಹೋಯಿತಲ್ಲ?

ಹಳೇ_ರೆಕಾರ್ಡು
ಅದು ಬೇಕಂತಲೇ ಮಾಡುವುದು ಮಗಳೇ. ಅಮೆರಿಕದ ಜಾಝ್ ಕಲಾವಿದ ರೋಲಂಡ್ ಕರ್ಕ್ ಹೀಗೆ ಊದುತ್ತಾ ಗುನುಗುತ್ತಿದ್ದರು. ಟಲ್ ತಮ್ಮ ಮೊದಲ ಆಲ್ಬಮ್ಮಿನಲ್ಲೇ ಅವರ ಕೃತಿಯೊಂದನ್ನು ನುಡಿಸಿದ್ದಾರೆ. ಆಂಡರ್ಸನ್ ಗುರುವಿಲ್ಲದೆ ಕಲಿತವರು, ಗಿಟಾರ್ ಕೊಟ್ಟು ಕೊಳಲು ತಂದವರು. ಎಷ್ಟೋ ವರ್ಷ ಆದಮೇಲೆ ಅವರ ಮಗಳು ಶಾಲೆಯಲ್ಲಿ ಕೊಳಲು ಕಲಿಯತೊಡಗಿದಾಗ ತಮ್ಮ ಬೆರಳಿಡುವ ಕ್ರಮವೇ ತಪ್ಪು ಅಂತ ಅವರಿಗೆ ಗೊತ್ತಾಯಿತು. ಅಷ್ಟು ಹೆಸರು ಮಾಡಿದ ಮನುಷ್ಯ ಕೂತು ಮೊದಲಿಂದ ಸರಿಯಾಗಿ ಕಲಿತರು. ಕ್ರಿಸ್‌ಮಸ್ ಆಲ್ಬಮ್ ಬಂದದ್ದು ಅದಾದ ಮೇಲೆ. ಅದರಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಖ್‌ನ 'ಬೂರೆ' ಅನ್ನುವ ಕೃತಿ ಇದೆ. 1969ರಲ್ಲಿ ನುಡಿಸಿದ್ದನ್ನೇ ಮತ್ತೆ ನುಡಿಸಿದ್ದು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ಹಳೆಯದರಲ್ಲಿ ಆವೇಶ ಜಾಸ್ತಿ, ಹೊಸದರಲ್ಲಿ ಉಸಿರು ನಿಂತಿದೆ.

ಕೊಳಲಿನ_ಉಸಿರು
ಮಗಳಿಂದ ಕಲಿತದ್ದು ಗೊತ್ತಿರಲಿಲ್ಲ. ಇವತ್ತು ರಾತ್ರಿ ಕೇಳುತ್ತೇನೆ.

ಖಂಡಚಾಪು
ಕೊಳಲಿನವರೇ, ಆ ಆಲ್ಬಮ್ಮಿನಲ್ಲಿ ನಿಮಗೆ ಇನ್ನೊಂದು ಇದೆ. ಮೂಡಣ ದಿಕ್ಕಿನಿಂದ ಬಂದ ಮೂವರು ರಾಜರ ಕ್ಯಾರಲ್ ಎಲ್ಲರಿಗೂ ಗೊತ್ತಲ್ಲ, ಅದು ಮೂಲದಲ್ಲಿ ಮೂರರ ನಡೆ. ಇವರು ಅದನ್ನು ಐದರ ನಡೆಗೆ ತಂದರು. ಹೆಸರನ್ನೂ ಬದಲಿಸಿ ಮೂವರು ರಾಜರನ್ನು ಐವರು ಮಾಡಿದರು! ಸುಮ್ನೆ ತೊಡೆ ಮೇಲೆ ತಕ ತಕಿಟ ತಟ್ಟುತ್ತಾ ಕೇಳಿ. ಮೊದಲು ತಪ್ಪುತ್ತದೆ, ಎರಡನೇ ಸುತ್ತಿಗೆ ಕೂರುತ್ತದೆ. ನಮ್ಮ ಕ್ಲಾಸಿನ ಮಕ್ಕಳಿಗೆ ಖಂಡ ಚಾಪು ಹೇಳಿಕೊಡುವಾಗ ಇದನ್ನು ಹಾಕುತ್ತೇನೆ. ಥಟ್ಟನೆ ಹಿಡಿಯುತ್ತಾರೆ.

ಬೇಸ್_ಗಿಟಾರ್_ಬಸವ
ತಾಳ ಬದಲಿಸಿದರೆ ಸೃಷ್ಟಿ ಆಯಿತಾ? ನನ್ನ ಮಾತು ಇಷ್ಟೇ. ಈ ಆಲ್ಬಮ್ ಆದಮೇಲೆ ಟಲ್ ಹೆಸರಲ್ಲಿ ಮುಂದಿನ ಹೊಸ ಸ್ಟುಡಿಯೊ ಆಲ್ಬಮ್ ಬಂದದ್ದು 2022ಕ್ಕೆ. 19 ವರ್ಷ! ಗಿಟಾರಿನ ಮಾರ್ಟಿನ್ ಬಾರ್ ಸ್ಟುಡಿಯೊದಲ್ಲಿ ಟಲ್ ಜೊತೆ ಕಡೆಯದಾಗಿ ನುಡಿಸಿದ್ದೂ ಇದರಲ್ಲೇ. 1968ರ ಕೊನೆಯಿಂದ ಜೊತೆಗಿದ್ದ ಮನುಷ್ಯ. ಅಂದಮೇಲೆ "ಕಥೆ ಮುಗೀತು" ಅನ್ನುವುದರಲ್ಲಿ ತಪ್ಪೇನಿದೆ?

ಹಳೇ_ರೆಕಾರ್ಡು
ಅದು ನಿಜ. ನನಗೂ ನೋವಿದೆ. ಆದರೆ ಕಡೆಯದು ಅಂತ ತಿಳಿದು ಕೇಳಿದರೆ ಆಲ್ಬಮ್ ಇನ್ನೂ ಹತ್ತಿರ ಆಗುತ್ತದೆ. ಹದಿನಾರನೆಯದು, ಕೊನೆಯದು, ಬಾರ್ ಅವರೇ ರಚಿಸಿದ್ದು. ಮಾತಿಲ್ಲ, ಹಾಡಿಲ್ಲ. ಹಿಮ ಬಿದ್ದ ಬಯಲಿನ ಹಾಗೆ ಸುಮ್ಮನೆ ಹರಡಿಕೊಂಡಿದೆ. ಮೂವತ್ತೈದು ವರ್ಷದ ಗೆಳೆತನದ ಕೊನೆಯ ಪುಟ ಅದು. ಅದನ್ನು ಬಾರ್ ಕೈಗೆ ಬಿಟ್ಟಿದ್ದಾರೆ ನೋಡು.

ಬೇಸ್_ಗಿಟಾರ್_ಬಸವ
ಕೊನೆಯದನ್ನು ಕೇಳಿಲ್ಲ ಸರ್. ಕೇಳಿ ಬರುತ್ತೇನೆ.

ಮೆಟಲ್_ಮಂಡ್ಯ
ಟಲ್ ಅಂದರೆ ನಮಗೆ 1989ರ ಗ್ರ್ಯಾಮಿ ನೆನಪಿಗೆ ಬರುವುದು. ಹಾರ್ಡ್ ರಾಕ್, ಮೆಟಲ್ ಪ್ರಶಸ್ತಿ ಮೆಟಾಲಿಕಾಗೆ ತಪ್ಪಿಸಿ ಕೊಳಲಿನವರಿಗೆ ಕೊಟ್ಟರು. ಅನ್ಯಾಯ.

ಹಳೇ_ರೆಕಾರ್ಡು
ಕೊಟ್ಟವರನ್ನು ಕೇಳಬೇಕು, ತಗೊಂಡವರನ್ನಲ್ಲ. ಟಲ್ ಅವತ್ತು ಅಲ್ಲಿಗೆ ಹೋಗಿರಲೂ ಇಲ್ಲ. ಆಮೇಲೆ ಅವರ ರೆಕಾರ್ಡ್ ಕಂಪನಿ ಕೊಳಲೂ ಭಾರದ ಲೋಹದ (ಹೆವಿ ಮೆಟಲ್) ವಾದ್ಯವೇ ಅಂತ ಜಾಹೀರಾತು ಹಾಕಿತ್ತು.

ಮೆಟಲ್_ಮಂಡ್ಯ
ಹ್ಹ ಹ್ಹ, ಅದು ಚೆನ್ನಾಗಿದೆ. ಅಂದಹಾಗೆ ಹಬ್ಬದ ಆಲ್ಬಮ್ ಕೆಟ್ಟದ್ದು ಅಂತ ನಾನು ಒಪ್ಪಲ್ಲ ಗುರು. ಟ್ವಿಸ್ಟೆಡ್ ಸಿಸ್ಟರ್ 2006ರಲ್ಲಿ ಮಾಡಿದ್ದು ಕೇಳಿ. ಅವರ ಅತಿ ಹೆಸರುವಾಸಿ ಹಾಡಿನ ರಾಗ, ಒಂದು ಹಳೇ ಕ್ಯಾರಲ್ ರಾಗ ಎರಡೂ ಒಂದೇ ಥರ. ಆ ಕ್ಯಾರಲ್ ಅನ್ನು ತಮ್ಮದೇ ಹಾಡಿನ ಗಿಟಾರ್ ಮೇಲೆ ಕೂರಿಸಿ ಹಾಡಿಬಿಟ್ಟರು. ಜೂಡಸ್ ಪ್ರೀಸ್ಟಿನ ರಾಬ್ ಹಾಲ್‌ಫರ್ಡ್ 2009ರಲ್ಲಿ, ಮತ್ತೆ 2019ರಲ್ಲಿ ಮಾಡಿದರು. ಎರಡನೆಯದರಲ್ಲಿ ಅವರ ಮನೆಯವರೂ ನುಡಿಸಿದ್ದಾರೆ. ಇವೆಲ್ಲ ಪ್ರೀತಿಯಿಂದ ಮಾಡಿದ್ದು. ದುಡ್ಡಿಗೆ ಅಂತಲೇ ಯಾಕೆ ನೋಡಬೇಕು?

ಲೆಕ್ಕದ_ಪುಸ್ತಕ
ದುಡ್ಡಿನ ಮಾತು ಬಂದದ್ದಕ್ಕೆ ಸೇರಿಸುತ್ತೇನೆ. ಬಾಬ್ ಡಿಲನ್ 2009ರಲ್ಲಿ ಕ್ರಿಸ್‌ಮಸ್ ಆಲ್ಬಮ್ ಮಾಡಿದಾಗ ತಮ್ಮ ಪಾಲಿನ ಹಣವನ್ನೆಲ್ಲ ಶಾಶ್ವತವಾಗಿ ಹಸಿದವರಿಗೆ ಊಟ ಕೊಡುವ ಸಂಸ್ಥೆಗಳಿಗೆ ಬಿಟ್ಟರು. ಇಯಾನ್ ಆಂಡರ್ಸನ್ ಕೂಡ ಡಿಸೆಂಬರಿನಲ್ಲಿ ಇಂಗ್ಲೆಂಡಿನ ದೊಡ್ಡ ದೊಡ್ಡ ಕೆಥೆಡ್ರಲ್‌ಗಳಲ್ಲಿ ಕಛೇರಿ ಮಾಡಿ, ಬಂದ ಹಣವನ್ನು ಆ ಕಟ್ಟಡಗಳಿಗೇ ಬಿಟ್ಟುಕೊಡುತ್ತಾರೆ. ಎಂಟುನೂರು ವರ್ಷದ ಕಲ್ಲಿನ ಕಟ್ಟಡಕ್ಕೆ ಚಾವಣಿ ರಿಪೇರಿ ಅಂದರೆ ಸಣ್ಣ ಖರ್ಚಾ?

ಕುಡ್ಲದ_ಅಕ್ಕ
ಆಂಡರ್ಸನ್ ಅವರಿಗೆ ನಮ್ಮ ಹಾಗೆ ಭಕ್ತಿ ಇಲ್ಲ ಅಂತ ಓದಿದ್ದೇನೆ. ತಾನು ಕಟ್ಟಾ ಕ್ರೈಸ್ತ ಅಲ್ಲ ಅಂತ ಅವರೇ ಹೇಳುತ್ತಾರೆ. ಮೊದಲು ನನಗೆ ಅದು ಕಸಿವಿಸಿ ಆಗಿತ್ತು. ಭಕ್ತಿ ಇಲ್ಲದೆ ಕ್ಯಾರಲ್ ನುಡಿಸುವುದು ಹೇಗೆ ಅಂತ. ಆಮೇಲೆ ಈ ಕೆಥೆಡ್ರಲ್ ವಿಷಯ ಗೊತ್ತಾಯಿತು. ಲಂಡನ್ನಿನ ಸೇಂಟ್ ಬ್ರೈಡ್ಸ್ ಚರ್ಚಿನಲ್ಲಿ 2008ರಲ್ಲಿ ನುಡಿಸಿದ್ದು ಕೂಡ ರೆಕಾರ್ಡಾಗಿ ಬಂದಿದೆ, ಇದೇ ಆಲ್ಬಮ್ ಜೊತೆ ಸೇರಿಸಿ. ಅದರಲ್ಲಿ ಚರ್ಚಿನ ಗಾಯಕರ ತಂಡವೂ ಹಾಡುತ್ತದೆ. ಕೇಳಿದ ಮೇಲೆ ನನ್ನ ಕಸಿವಿಸಿ ಹೋಯಿತು.

ಪಂಚಾಂಗ_ಭಟ್ಟ
ಮೇಲೆ ಸೋಲ್‌ಸ್ಟಿಸ್ ಹಾಡು ಅಂದರಲ್ಲ, ಅದು ಕ್ರಿಸ್‌ಮಸ್ ಹಾಡೇ ಅಲ್ಲ. ಮಕರ ಸಂಕ್ರಾಂತಿಯ ಹಾಡು ಅನ್ನಬೇಕು. ಉತ್ತರಾಯಣದ ಸಂಭ್ರಮ.

ನಕ್ಷತ್ರ_ನೋಡುವವನು
ಅರ್ಧ ಸರಿ. ಕ್ರೈಸ್ತ ಧರ್ಮ ಬರುವ ಮೊದಲಿನ ಚಳಿಗಾಲದ ಹಬ್ಬದ ಹಾಡು ಅದು, ಒಪ್ಪಿದೆ. ಆದರೆ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಮ್ಮ ಸಂಕ್ರಾಂತಿ ಜನವರಿ 14, 15ಕ್ಕೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಅಯನಾಂಶ, ಅಂದರೆ ಈ ಎರಡು ಲೆಕ್ಕಗಳ ನಡುವಿನ ಅಂತರ, ಈಗ ಸುಮಾರು 24 ಡಿಗ್ರಿ ಆಗಿದೆ. ಸೂರ್ಯ ದಿನಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಹಾಗಾಗಿ ಮೂರು ವಾರಕ್ಕೂ ಮೇಲೆ ವ್ಯತ್ಯಾಸ. ಒಂದು ಕಾಲದಲ್ಲಿ ಎರಡೂ ಒಂದೇ ದಿನ ಬರುತ್ತಿದ್ದವು.

ಪಂಚಾಂಗ_ಭಟ್ಟ
ಅದು ಗೊತ್ತಿದೆ ಸ್ವಾಮಿ. ಭಾವ ಹೇಳಿದೆ, ದಿನಾಂಕ ಅಲ್ಲ. ಕತ್ತಲೆ ಕಳೆದು ಬೆಳಕು ಹೆಚ್ಚುವ ಹಬ್ಬ ಎರಡೂ.

ನಕ್ಷತ್ರ_ನೋಡುವವನು
ಭಾವಕ್ಕೆ ನನ್ನ ಜಗಳ ಇಲ್ಲ. ಎಳ್ಳುಬೆಲ್ಲ ಸಮೇತ ಒಪ್ಪಿಕೊಳ್ಳುತ್ತೇನೆ.

ಕ್ಯಾಸೆಟ್_ಅಂಗಡಿ
ನಮ್ಮಲ್ಲಿ ಇದು ಹೊಸದಾ ಹೇಳಿ? ಇಪ್ಪತ್ತು ವರ್ಷ ಕ್ಯಾಸೆಟ್ ಮಾರಿದ್ದೇನೆ. ಗಣೇಶನ ಹಬ್ಬ ಬಂದರೆ ಒಂದು ರಾಶಿ, ಮಾಲೆ ಹಾಕುವ ಕಾಲ ಬಂದರೆ ಅಯ್ಯಪ್ಪನ ಹಾಡಿನದು ಇನ್ನೊಂದು ರಾಶಿ. ಡಾ. ರಾಜ್‌ಕುಮಾರ್ ರಾಘವೇಂದ್ರ ಸ್ವಾಮಿ ಮೇಲೆ ಹಾಡಿದ ಕ್ಯಾಸೆಟ್ ಗುರುವಾರ ಬಂದರೆ ಕೇಳಿಕೊಂಡು ಬರುತ್ತಿದ್ದರು. ಸಿನಿಮಾ ಬಿಟ್ಟು ಭಕ್ತಿಗೀತೆ ಹಾಡಿದರು, ಅಲ್ಲಿಗೆ ಅವರ ಕಥೆ ಮುಗೀತು ಅಂತ ಯಾರಾದರೂ ಅಂದರಾ? ದೊಡ್ಡ ಕಲಾವಿದ ಹಬ್ಬಕ್ಕೆ ಹಾಡಿದರೆ ಅವನು ನಮ್ಮ ಮನೆಯೊಳಗೆ ಬಂದ ಹಾಗೆ.

ಮೆಟಲ್_ಮಂಡ್ಯ
ಇದು ಮಾತು.

ಅಕ್ಕಡಿ_ಸಾಲು
ಕನ್ನಡದ ಬ್ಯಾಂಡಿನವರು ಸುಗ್ಗಿಗೊಂದು ಆಲ್ಬಮ್ ಮಾಡಬೇಕು. ಕಣದಲ್ಲಿ ಹಾಡುವ ಹಂತಿ ಪದಗಳಿಗೆ ಗಿಟಾರ್, ಡ್ರಮ್ಸ್ ಎಷ್ಟು ಚೆನ್ನಾಗಿ ಹೊಂದುತ್ತವೆ. ಎತ್ತುಗಳು ಸುತ್ತುವ ವೇಗವೇ ಲಯ. ಟಲ್ ಕೂಡ 1978ರಲ್ಲಿ ಉಳುವ ಕುದುರೆಗಳ ಮೇಲೆ ಹಾಡು ಮಾಡಿದ್ದಾರೆ, ಟ್ರಾಕ್ಟರ್ ಬಂದು ಅವು ಮರೆಯಾದ ಸಂಕಟ. ನಮ್ಮ ಎತ್ತಿನ ಹಾಡು ಯಾರಾದರೂ ಮಾಡಲಿ.

ಹಿಂದಿನ_ಸಾಲು
ಟಲ್ ಬೆಂಗಳೂರಿನಲ್ಲಿ ನುಡಿಸಿದಾಗ ನಾನಿದ್ದೆ. ತೀರಾ ಹಿಂದೆ, ಬಿದಿರಿನ ಕಟಕಟೆ ಪಕ್ಕ. ಸುತ್ತ ಬರೀ ತಲೆಗಳು. ಆಂಡರ್ಸನ್ ಕಾಲು ಎತ್ತಿದ್ದು ನನಗೆ ಕಾಣಲಿಲ್ಲ, ಮುಂದಿನವರು ಕೂಗಿದಾಗ ಗೊತ್ತಾಯಿತು. ಆಮೇಲೆ ಪಕ್ಕದ ಅಪರಿಚಿತ ತನ್ನ ಹೆಗಲು ತಟ್ಟಿ "ಹತ್ತಿ ನೋಡಿ" ಅಂದ. ಹತ್ತಿ ನೋಡಿದೆ. ಅರ್ಧ ನಿಮಿಷ, ಬೆಳಕಿನಲ್ಲಿ ಬೆಳ್ಳಿಯ ಕೊಳಲು. ಆ ಮನುಷ್ಯನ ಹೆಸರೂ ಕೇಳಲಿಲ್ಲ.

ರಾತ್ರಿಪಾಳಿ
ಪೆಟ್ಟಿಗೆ ಎಲ್ಲಿಂದ ತರಿಸುತ್ತೀರಿ? ನಾನು ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ಎಲ್‌ಪಿ ಮೂಲೆ ಮುರಿದು ಬಂತು. ವಾಪಸ್ ಕಳಿಸಲು ಒಂದು ತಿಂಗಳು ಒದ್ದಾಡಿದೆ. ಪೆಟ್ಟಿಗೆ ತೆರೆಯುವಾಗ ವಿಡಿಯೊ ಮಾಡಿಟ್ಟುಕೊಳ್ಳಿ.

ಲೆಕ್ಕದ_ಪುಸ್ತಕ
ನನ್ನ ಸಲಹೆ: ಮೊದಲು 2003ರ ಒಂದು ಸಿಡಿ ಕೊಡಿ. ಹಿಡಿಸಿದರೆ ದೊಡ್ಡ ಪೆಟ್ಟಿಗೆ ಮುಂದಿನ ವರ್ಷ. ಬ್ರೂಸ್ ಸೋರ್ಡ್ ಮಾಡಿದ ಹೊಸ ಮಿಕ್ಸ್ ಚೆನ್ನಾಗಿದೆ, ತಂತಿವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವೆ. ಆದರೆ ಕೇಳಲ್ಲ ಅಂತ ಹಟ ಹಿಡಿದವರಿಗೆ ಮೊದಲೇ ಅಷ್ಟು ದೊಡ್ಡದು ಬೇಡ.

ಬೇಸ್_ಗಿಟಾರ್_ಬಸವ
ಇಡೀ ಆಲ್ಬಮ್ ಕೇಳಿದೆ. ಎರಡು ಸಲ. ಹಳೇ ಹಾಡು ಮತ್ತೆ ನುಡಿಸಿದ್ದು ನನಗೆ ಈಗಲೂ ಹಿಡಿಸಿಲ್ಲ. ಸೋಲ್‌ಸ್ಟಿಸ್ ಹಾಡಿಗೆ 1976ರದ್ದೇ ಸಾಟಿ. ಆದರೆ ಬ್ರೂಕ್ಲಿನ್ನಿನ ಮೊದಲ ಹಿಮದ ಹಾಡು, ಅದು ಹೊಸದು, ಅದರ ಮುಂದೆ ನಾನು ಸೋತೆ. ಬಾರ್ ಅವರ ಕೊನೆಯದೂ ಹೌದು. ಕೇಳದೆ ಮಾತಾಡಿದ್ದು ತಪ್ಪು.

ಮತ್ತೆ ಪೆನ್ಸಿಲ್ ಅವರೇ, ನೀವು ಅಣ್ಣ ಹುಟ್ಟಿದ್ದು 24ಕ್ಕೆ ಅಂದಿರಲ್ಲ? ಆಲ್ಬಮ್ಮಿನ ಮೊದಲ ಹಾಡು ಯಾವುದು ಅಂತ ನೋಡಿದಿರಾ?

ಪೆನ್ಸಿಲ್_ಟೇಪು
ಇಲ್ಲ, ನಾನು ಹಳೇವೇ ಕೇಳಿದ್ದು. ಯಾವುದು?

ಬೇಸ್_ಗಿಟಾರ್_ಬಸವ
'ಬರ್ತ್‌ಡೇ ಕಾರ್ಡ್ ಅಟ್ ಕ್ರಿಸ್‌ಮಸ್'. ಆಂಡರ್ಸನ್ ಮಗಳ ಹುಟ್ಟುಹಬ್ಬವೂ ಕ್ರಿಸ್‌ಮಸ್ ಹತ್ತಿರವೇ ಬರುತ್ತದಂತೆ. ಹಬ್ಬದ ಗದ್ದಲದಲ್ಲಿ ಹುಟ್ಟುಹಬ್ಬ ಮುಚ್ಚಿಹೋಗುವವರಿಗೆ ಬರೆದದ್ದು.

ಹಳೇ_ರೆಕಾರ್ಡು
ಬಸವ! ಇಷ್ಟು ಹೊತ್ತು ನನಗೆ ಹೊಳೆಯಲೇ ಇಲ್ಲವಲ್ಲ.

ಪೆನ್ಸಿಲ್_ಟೇಪು
ಈಗ ತಾನೇ ಕೇಳಿದೆ. ಏನು ಹೇಳಲಿ.

ನಮ್ಮ ಮನೆಯಲ್ಲಿ ಅಣ್ಣನಿಗೆ ಅಂತ ಬೇರೆ ಕೇಕು ಬಂದದ್ದೇ ಇಲ್ಲ. 24ರ ಸಂಜೆ ಅಮ್ಮ ಗೋದಲಿಗೆ ಹುಲ್ಲು ಹಾಸುತ್ತಿದ್ದರು, ಅಪ್ಪ ನಕ್ಷತ್ರದ ಬಲ್ಬು ಕಟ್ಟುತ್ತಿದ್ದರು. ಮಧ್ಯರಾತ್ರಿ ಪೂಜೆ ಮುಗಿಸಿ ಬಂದು ಕತ್ತರಿಸುವುದು ಒಂದೇ ಪ್ಲಮ್ ಕೇಕು. ಅಷ್ಟು ಹೊತ್ತಿಗೆ ತಾರೀಖು 25 ಆಗಿರುತ್ತಿತ್ತು. ಅಮ್ಮ ಮೊದಲ ತುಂಡು ಅವನಿಗೆ ಕೊಟ್ಟು "ನಿಂದೂ ಸೇರಿ" ಅನ್ನುತ್ತಿದ್ದರು. ಅವನು ಒಂದು ದಿನವೂ ಏನೂ ಅಂದವನಲ್ಲ. ಹಬ್ಬದ ಆಲ್ಬಮ್ ಬೇಡ ಅಂತ ಅವನು ಯಾಕೆ ಅಷ್ಟು ಹಟ ಮಾಡುತ್ತಾನೆ ಅಂತ ನಾನು ಕೇಳಿದ್ದೂ ಇಲ್ಲ.

ಒಂದು ಸಿಡಿ ಸಾಕು. ಈ ಸಲ 24ಕ್ಕೆ, ಸಂಜೆ ಐದಕ್ಕೇ, ಅವನ ಹೆಸರು ಬರೆದ ಕೇಕಿನ ಜೊತೆ ಕೊಡುತ್ತೇನೆ.

ಕುಡ್ಲದ_ಅಕ್ಕ
ನಿಮ್ಮ ಅಣ್ಣನಿಗೆ ನಮ್ಮ ಕಡೆಯಿಂದಲೂ ಶುಭಾಶಯ ಹೇಳಿ. ಕುಸ್ವಾರ್ ಕಳಿಸಲು ವಿಳಾಸ ಮೆಸೇಜ್ ಮಾಡಿ, ಇಲ್ಲಿ ಹಾಕಬೇಡಿ.

ಕೊಳಲಿನ_ಉಸಿರು
ಬೂರೆ ಎರಡೂ ಕೇಳಿದೆ. ನನಗೆ ಹಳೆಯದೇ ಜಾಸ್ತಿ ಹಿಡಿಸಿತು! ಗುನುಗುವುದು ಸೇರಿ. ನಾಳೆ ಕ್ಲಾಸಿನಲ್ಲಿ ಗುರುಗಳಿಗೂ ಕೇಳಿಸುತ್ತೇನೆ, ಬೈದರೆ ಇಲ್ಲಿ ಬಂದು ಹೇಳುತ್ತೇನೆ.

ಅಕ್ಕಡಿ_ಸಾಲು
ಊರಿಗೆ ಫೋನ್ ಮಾಡಿದ್ದೆ. ಕೂರಿಗೆಯನ್ನು ಅಟ್ಟದಿಂದ ಇಳಿಸಿದ್ದಾರೆ. ಒಂದು ಕೊಳವೆ ಸೀಳಿದೆಯಂತೆ, ಬಟ್ಟಲು ಗಟ್ಟಿಯಾಗಿದೆ. ಭಾನುವಾರ ಫೋಟೋ ಹಾಕುತ್ತೇನೆ.